ಬಂದು ಹೋಗುವವರಿಗೂ ಒಂದು ಕೊನೆ ಬೇಕು

ನಮಸ್ಕಾರ. ಕಲಬುರಗಿಯಲ್ಲಿ ಈಗ ಮಧ್ಯಾಹ್ನ ಹೊರಗೆ ಕಾಲಿಡುವ ಹಾಗಿಲ್ಲ. ಸೇಡಂ, ಆಳಂದ ಕಡೆಯಿಂದ ಕೇಳುತ್ತಿರುವವರಿಗೂ ಅದೇ ಗತಿ ಅಲ್ವಾ? ಕೂಲರ್ ಮುಂದೆ ಕೂತು ಹಳೆ ಸೀರಿಯಲ್ ನೋಡುವುದಕ್ಕೆ ಒಳ್ಳೆ ನೆಪ. ಹಾಗಾಗಿ ಇವತ್ತು ‘ಸ್ಟಾರ್ ಟ್ರೆಕ್: ಡೀಪ್ ಸ್ಪೇಸ್ ನೈನ್’ ಬಗ್ಗೆ ಮಾತಾಡುತ್ತೇನೆ. 1993ರಿಂದ 1999ರವರೆಗೆ 7 ಸೀಸನ್ ನಡೆದ, ಬಾಹ್ಯಾಕಾಶದ ಕಥೆ ಹೇಳುವ ಅಮೆರಿಕದ ಸೀರಿಯಲ್ ಇದು. ನಾಯಕನ ವಿಷಯ ಬಿಡಿ, ನನಗೆ ಆಗಾಗ ಬಂದು ಹೋಗುವವರೇ ಮುಖ್ಯ. ಕೊನೆ ಕಂತು ಚೆನ್ನಾಗಿದೆಯೋ ಇಲ್ಲವೋ ಅಂತ ಅವರನ್ನು ನೋಡಿಯೇ ಹೇಳುತ್ತೇನೆ.

ಸೊಲ್ಲಾಪುರದಲ್ಲೋ ಪುಣೆಯಲ್ಲೋ ಇದ್ದುಕೊಂಡು ಶರಣಬಸವೇಶ್ವರ ಜಾತ್ರೆಗೆ ಮಾತ್ರ ಬರುವ ಕಾಕಾ ಒಬ್ಬರು ನಮ್ಮಲ್ಲಿ ಮನೆಮನೆಗೂ ಇರುತ್ತಾರಲ್ಲ, ಬಂದಷ್ಟು ದಿನ ಮನೆಯಲ್ಲಿ ಅವರದೇ ಮಾತು, ಅಂಥವರು ಇವರು.

ಹಿಂದಿನ ಸ್ಟಾರ್ ಟ್ರೆಕ್ ಸೀರಿಯಲ್‌ಗಳಲ್ಲಿ ಹಡಗು ಊರೂರು ಸುತ್ತಿದ ಹಾಗೆ ಗ್ರಹ ಸುತ್ತುತ್ತಿತ್ತು. ಅಲ್ಲಿ ಸಿಕ್ಕವರು ಅಲ್ಲೇ ಉಳಿಯುತ್ತಿದ್ದರು. ಇದು ಹಾಗಲ್ಲ. ಕಥೆ ನಡೆಯುವುದು ಒಂದು ಬಾಹ್ಯಾಕಾಶ ನಿಲ್ದಾಣದಲ್ಲಿ. ಅಲ್ಲಿ ಅಂಗಡಿ ಇದೆ, ಬಾರ್ ಇದೆ, ಗುಡಿಯೂ ಇದೆ. ಇವತ್ತು ಜಗಳ ಆಡಿದವನು ನಾಳೆ ಎದುರಿಗೇ ಬರುತ್ತಾನೆ. ಬಾರಿನಲ್ಲಿ ಮಾರ್ನ್ ಅಂತ ಒಬ್ಬ ಕೂತಿರುತ್ತಾನೆ, ಅವನು ಬಾಯಿ ತೆರೆದರೆ ನಿಲ್ಲಿಸುವುದೇ ಇಲ್ಲ ಅಂತ ಎಲ್ಲರೂ ದೂರುತ್ತಾರೆ, ಆದರೆ 7 ಸೀಸನ್‌ನಲ್ಲಿ ನಮಗೆ ಅವನ ಒಂದು ಮಾತೂ ಕೇಳಿಸುವುದಿಲ್ಲ. ರೇಡಿಯೋಕ್ಕೆ ಆಗುವ ಆಸಾಮಿ ಅಲ್ಲ!

ಈಗ ಟೇಲರ್ ಗಾರಕ್. ಆಂಡ್ರ್ಯೂ ರಾಬಿನ್ಸನ್ ಮಾಡಿದ ಪಾತ್ರ. ಕಾರ್ಡೇಸಿಯಾ ಗ್ರಹದ ಹಳೆ ಬೇಹುಗಾರ, ಊರಿಂದ ಹೊರಹಾಕಿದ್ದಾರೆ, ಶತ್ರುಗಳ ಮಧ್ಯೆ ಬಟ್ಟೆ ಹೊಲಿದುಕೊಂಡು ಬದುಕುತ್ತಾನೆ. ಮೊದಲ ಸೀಸನ್‌ನಲ್ಲಿ ಒಂದೇ ಒಂದು ಕಂತಿನಲ್ಲಿ ಬಂದ. ನಿಲ್ದಾಣದ ಡಾಕ್ಟರ್ ಬಶೀರ್ ಎದುರು ಕೂತು ನಗುನಗುತ್ತಾ ಸುಳ್ಳು ಹೇಳಿದ. ಆಮೇಲೆ ಅವನನ್ನು ಬಿಡಲು ಬರೆಯುವವರಿಗೇ ಮನಸ್ಸಾಗಲಿಲ್ಲ ಅನಿಸುತ್ತದೆ. ಮನೆಗೆ ಹೋಗಬೇಕು ಅನ್ನುವುದೊಂದೇ ಅವನ ಆಸೆ. ಕೊನೆ ಕಂತಿನಲ್ಲಿ ಅದು ಸಿಗುತ್ತದೆ, ಆದರೆ ಯಾವ ಮನೆ? ಯುದ್ಧದಲ್ಲಿ ಅವನ ಜನ 80 ಕೋಟಿ ಸತ್ತಿದ್ದಾರೆ, ಊರು ಬೂದಿ. ಡಾಕ್ಟರ್ ಸಮಾಧಾನ ಹೇಳಲು ಹೋದರೆ ಗಾರಕ್ ಒಪ್ಪುವುದಿಲ್ಲ. ನಮ್ಮವರು ಮಾಡಿದ್ದಕ್ಕೆ ನಮಗೆ ತಕ್ಕದ್ದೇ ಆಯಿತು ಅನ್ನುವ ಧಾಟಿ ಅವನದು. ಆಮೇಲೆ, ಇಬ್ಬರೂ ಕೂತು ಊಟ ಮಾಡುತ್ತಿದ್ದುದು ನೆನಪಾಗುತ್ತದೆ ಅನ್ನುತ್ತಾನೆ. ಅಷ್ಟೇ. ಅಳು ಇಲ್ಲ, ಭಾಷಣ ಇಲ್ಲ.

ಅದೇ ಕಂತಿನಲ್ಲಿ ಗುಲ್ ಡುಕಾಟ್‌ಗೆ ಏನಾಯಿತು ನೋಡಿ. ಅವನೂ ಕಾರ್ಡೇಸಿಯಾದವನೇ, ಸೇನಾಧಿಕಾರಿ, ಮೊದಲ ಕಂತಿನಿಂದ ಇದ್ದವನು. ಬಜೋರ್ ಗ್ರಹವನ್ನು ಆಳಿ ಹಿಂಡಿದವನು, ಆದರೂ ಅಲ್ಲಿನ ಜನ ತನಗೆ ಕೈ ಮುಗಿಯಬೇಕು ಅಂತ ನಿಜವಾಗಿ ನಂಬಿದ್ದವನು. ಅಂಥವನನ್ನು ಕೊನೆಗೆ ಕಣ್ಣು ಕೆಂಪಾದ ಸುಮ್ನೆ ಒಂದು ದೆವ್ವ ಮಾಡಿ, ಬೆಂಕಿಯ ಗುಹೆಯಲ್ಲಿ ನಾಯಕ ಸಿಸ್ಕೋ ಜೊತೆ ಗುದ್ದಾಡಿಸಿ ಮುಗಿಸಿಬಿಟ್ಟರು. ನನಗಂತೂ ಬೇಜಾರಾಯಿತು. ಕೊನೆಯ 10 ಕಂತುಗಳನ್ನು ಹೆಚ್ಚುಕಡಿಮೆ ಒಂದೇ ಕಥೆಯಾಗಿ ಹೆಣೆದವರಿಗೆ ಟೈಮ್ ಇರಲಿಲ್ಲ ಅಂತ ಹೇಳುವ ಹಾಗೂ ಇಲ್ಲ.

ಇದಕ್ಕೂ ಹಿಂದಿನ ಸ್ಟಾರ್ ಟ್ರೆಕ್ ಸೀರಿಯಲ್ ‘ನೆಕ್ಸ್ಟ್ ಜನರೇಶನ್’, ಬಂದು ಹೋಗುವವನಿಗೆ ಕೊನೆ ಕೊಡುವುದನ್ನು ಚೆನ್ನಾಗಿ ಮಾಡಿತ್ತು. 1987ರ ಮೊದಲ ಕಂತಿನಲ್ಲಿ ‘ಕ್ಯೂ’ ಅನ್ನುವ ದೇವರಂಥ ಶಕ್ತಿಯವನೊಬ್ಬ ಮನುಷ್ಯಕುಲದ ಮೇಲೆ ವಿಚಾರಣೆ ಶುರುಮಾಡುತ್ತಾನೆ, 1994ರ ಕೊನೆ ಕಂತಿಗೆ ಬಂದು, ಆ ವಿಚಾರಣೆ ಮುಗಿದೇ ಇಲ್ಲ ಅನ್ನುತ್ತಾನೆ. ಬಂದದ್ದಕ್ಕೆ ಅವನಿಗೆ ಕೆಲಸ ಇತ್ತು. 2005ರಲ್ಲಿ ಇನ್ನೊಂದು ಸ್ಟಾರ್ ಟ್ರೆಕ್ ಸೀರಿಯಲ್ ‘ಎಂಟರ್‌ಪ್ರೈಸ್’ ಮುಗಿದಾಗ ಹಾಗಾಗಲಿಲ್ಲ. ‘ನೆಕ್ಸ್ಟ್ ಜನರೇಶನ್’ನ ಪಾತ್ರಗಳಾದ ರೈಕರ್, ಟ್ರಾಯ್ ಇಬ್ಬರನ್ನು ಕರೆತಂದು ಕೊನೆ ಕಂತನ್ನೇ ಅವರ ಕೈಗೆ ಕೊಟ್ಟರು. ನಾಲ್ಕು ಸೀಸನ್ ದುಡಿದವರು ತಮ್ಮ ಮನೆಯಲ್ಲೇ ಮೂಲೆಗೆ ಸರಿದರು.

ನೋಡುವುದಾದರೆ ಡೀಪ್ ಸ್ಪೇಸ್ ನೈನ್ ಮೊದಲಿಂದಲೇ ನೋಡಿ. ಆರಂಭದ ಎರಡು ಗಂಟೆಯ ಕಥೆ ಮುಗಿದ ಮುಂದಿನ ಕಂತಿಗೇ ಗಾರಕ್ ಬರುತ್ತಾನೆ. ಗುಹೆಯ ಜಗಳ ಬಂದಾಗ ಬೇಕಾದರೆ ಎದ್ದು ಹೋಗಿ ಕೂಲರ್‌ಗೆ ನೀರು ಹಾಕಿ ಬನ್ನಿ.