ನೆಲ ಹೋದರೂ ಉಳಿದ ಕಚೇರಿ

ಕೇಳುಗರೆಲ್ಲರಿಗೂ ನಮಸ್ಕಾರ.

ರಾಯಭಾರ ಕಚೇರಿ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ವೀಸಾ ನೆನಪಾಗುತ್ತದೆ. ಅರ್ಜಿ, ಫೋಟೊ, ಬ್ಯಾಂಕ್ ಸ್ಟೇಟ್‌ಮೆಂಟ್, ಆಮೇಲೆ ಕಾಯುವುದು. ಇವತ್ತು ನಾನು ಹೇಳಹೊರಟಿರುವುದು ಐವತ್ತು ವರ್ಷ ಒಂದು ದೇಶದ ಹೆಸರನ್ನು ಕಾಪಾಡಿದ ಕಾನ್ಸುಲೇಟಿನ, ಅಂದರೆ ರಾಯಭಾರ ಕಚೇರಿಯಂಥದ್ದೇ ಸಣ್ಣ ಕಚೇರಿಯ ಕಥೆ.

ಆ ದೇಶ ಎಸ್ಟೋನಿಯಾ. ಬಾಲ್ಟಿಕ್ ಸಮುದ್ರದ ದಡದಲ್ಲಿದೆ. ಜನಸಂಖ್ಯೆ ಸುಮಾರು 13 ಲಕ್ಷ. ಬೆಂಗಳೂರಿನ ಒಂದು ಭಾಗದಲ್ಲೇ ಅಷ್ಟು ಜನ ಸಿಗುತ್ತಾರೆ, ಅಲ್ವಾ? 1918ರಲ್ಲಿ ಅದು ಸ್ವಾತಂತ್ರ್ಯ ಘೋಷಿಸಿಕೊಂಡಿತು. 1940ರ ಜೂನ್‌ನಲ್ಲಿ ಸೋವಿಯತ್ ಸೇನೆ ಒಳಗೆ ನುಗ್ಗಿತು. ಆಗಸ್ಟ್ ಹೊತ್ತಿಗೆ ದೇಶವನ್ನೇ ಸೋವಿಯತ್ ಒಕ್ಕೂಟಕ್ಕೆ ಸೇರಿಸಿಕೊಂಡಾಗಿತ್ತು.

ಹೊರದೇಶಗಳಲ್ಲಿದ್ದ ಎಸ್ಟೋನಿಯಾದ ಅಧಿಕಾರಿಗಳಿಗೆ ಆದೇಶ ಬಂತು: ಕಚೇರಿ ಒಪ್ಪಿಸಿ, ಊರಿಗೆ ವಾಪಸ್ ಬನ್ನಿ. ಅವರಲ್ಲಿ ಹಲವರು ಒಪ್ಪಲಿಲ್ಲ. ಸ್ವೀಡನ್ ಸರಕಾರ ಸ್ಟಾಕ್‌ಹೋಮಿನ ಕಚೇರಿಯನ್ನು ಸೋವಿಯತ್ ಕೈಗೆ ಕೊಟ್ಟುಬಿಟ್ಟಿತು. ಅಮೆರಿಕ ಹಾಗೆ ಮಾಡಲಿಲ್ಲ. ಈ ಆಕ್ರಮಣವನ್ನು ಒಪ್ಪುವುದಿಲ್ಲ ಎಂದು ಅದು 1940ರ ಜುಲೈ 23ರಂದೇ ಹೇಳಿತ್ತು. ಹಾಗಾಗಿ ನ್ಯೂಯಾರ್ಕಿನ ಎಸ್ಟೋನಿಯಾ ಕಾನ್ಸುಲೇಟ್ ಮುಚ್ಚಲಿಲ್ಲ.

ಸ್ವಲ್ಪ ಯೋಚಿಸಿ ನೋಡಿ. ಊರಲ್ಲಿ ಸರಕಾರವಿಲ್ಲ. ಸಂಬಳ ಕಳಿಸುವವರಿಲ್ಲ, ಆದೇಶ ಕೊಡುವವರಿಲ್ಲ. ಆದರೂ ಬೆಳಿಗ್ಗೆ ಕಚೇರಿಯ ಬಾಗಿಲು ತೆರೆಯಬೇಕು. ಯೊಹಾನೆಸ್ ಕಾಯ್ವ್ ಎಂಬ ಅಧಿಕಾರಿ 1965ರಲ್ಲಿ ತೀರಿಕೊಳ್ಳುವವರೆಗೂ ಆ ಕೆಲಸ ಮಾಡಿದರು. ಆಮೇಲೆ ಅದು ಎರ್ನ್ಸ್ಟ್ ಯಾಕ್ಸನ್ ಅವರ ಹೆಗಲಿಗೆ ಬಂತು.

ಯಾಕ್ಸನ್ ಹುಟ್ಟಿದ್ದು 1905ರಲ್ಲಿ, ಪಕ್ಕದ ಲಾಟ್ವಿಯಾದ ರೀಗಾ ನಗರದಲ್ಲಿ. ಇನ್ನೂ ಮೀಸೆ ಮೂಡದ ವಯಸ್ಸಿನಲ್ಲೇ, 1919ರಲ್ಲಿ, ಎಸ್ಟೋನಿಯಾದ ವಿದೇಶಾಂಗ ಸೇವೆಗೆ ಸೇರಿಕೊಂಡರು. 1929ರಲ್ಲಿ ಅಮೆರಿಕಕ್ಕೆ ಹೋದರು. ಮುಂದಿನ ಅರವತ್ತು ವರ್ಷ ಅಲ್ಲೇ ಇದ್ದು ತಮ್ಮ ದೇಶಕ್ಕಾಗಿ ದುಡಿದರು.

ಅವರ ಮೇಜಿನ ಮೇಲಿದ್ದ ಮುಖ್ಯ ವಸ್ತು ಪಾಸ್‌ಪೋರ್ಟ್. ಈ ಕಾನ್ಸುಲೇಟ್ ಅಷ್ಟೂ ವರ್ಷ ಪಾಸ್‌ಪೋರ್ಟ್ ಕೊಡುತ್ತಲೇ ಇತ್ತು. ಹೊದಿಕೆಯ ಮೇಲೆ 'ಏಸ್ಟಿ ವಬರೀಕ್', ಅಂದರೆ ಎಸ್ಟೋನಿಯಾ ಗಣರಾಜ್ಯ. ಒಳಗಿನ ತಾರೀಕು ಮಾತ್ರ ಆ ಗಣರಾಜ್ಯ ಕೈತಪ್ಪಿ ಎಷ್ಟೋ ವರ್ಷವಾದ ಮೇಲಿನದು. ನಿರಾಶ್ರಿತರಾಗಿ ಬಂದವರು, ಅವರ ಮಕ್ಕಳು ಅದನ್ನು ಕೈಯಲ್ಲಿ ಹಿಡಿದುಕೊಂಡರು. ಅತ್ತ ಎಸ್ಟೋನಿಯಾದಲ್ಲಿ ನೀಲಿ, ಕಪ್ಪು, ಬಿಳಿಯ ತಮ್ಮದೇ ಬಾವುಟ ಹಾರಿಸಿದವರನ್ನು ಜೈಲಿಗೆ ಹಾಕುತ್ತಿದ್ದ ಕಾಲ ಅದು.

ಕಷ್ಟ ಇನ್ನೊಂದಿತ್ತು. ಹೊಸಬರನ್ನು ನೇಮಿಸೋಣ ಅಂದರೆ ನೇಮಿಸುವ ಸರಕಾರವೇ ಇಲ್ಲ. ಇದ್ದವರಿಗೆ ವಯಸ್ಸಾಗುತ್ತಿತ್ತು. ಲಂಡನ್ನಿನಲ್ಲಿ ಎಸ್ಟೋನಿಯಾದ ಕಚೇರಿ ನಡೆಸಿದ ಆಗಸ್ಟ್ ತೋರ್ಮಾ 1971ರಲ್ಲಿ ತೀರಿಕೊಂಡರು. ಯಾಕ್ಸನ್ ಎಪ್ಪತ್ತು ದಾಟಿದರು, ಎಂಬತ್ತು ದಾಟಿದರು. ಆ ಕಾಲವನ್ನು ನೆನೆದಾಗಲೆಲ್ಲ ನನಗೆ ಕರುಳು ಚುರುಕ್ ಅನ್ನುತ್ತದೆ. ಇನ್ನು ಕೆಲವು ವರ್ಷ ತಡವಾಗಿದ್ದರೆ?

ತಡವಾಗಲಿಲ್ಲ. 1991ರ ಆಗಸ್ಟ್ 20ರಂದು ಎಸ್ಟೋನಿಯಾ ಮತ್ತೆ ಸ್ವತಂತ್ರ. ಎರಡೇ ದಿನದಲ್ಲಿ, ಎಲ್ಲರಿಗಿಂತ ಮೊದಲು ಅದನ್ನು ಮಾನ್ಯ ಮಾಡಿದ್ದು ಜನಸಂಖ್ಯೆಯಲ್ಲಿ ಇನ್ನೂ ಪುಟ್ಟ ದೇಶವಾದ ಐಸ್‌ಲ್ಯಾಂಡ್. ರಾಜಧಾನಿ ಟ್ಯಾಲಿನ್‌ನಲ್ಲಿ ವಿದೇಶಾಂಗ ಸಚಿವಾಲಯ ಇರುವ ಚೌಕಕ್ಕೆ ಈಗ ಐಸ್‌ಲ್ಯಾಂಡ್ ಹೆಸರು. ಭಾರತವೂ ಸೆಪ್ಟೆಂಬರ್‌ನಲ್ಲಿ ಮಾನ್ಯತೆ ಕೊಟ್ಟಿತು. ದಿಲ್ಲಿಯಲ್ಲಿ ಅವರ ರಾಯಭಾರ ಕಚೇರಿ ತೆರೆದದ್ದು 2013ರಲ್ಲಿ.

ಅಮೆರಿಕಕ್ಕೆ ಎಸ್ಟೋನಿಯಾದ ರಾಯಭಾರಿಯಾಗಿ ಯಾರು ಹೋಗಬೇಕು ಎಂದು ಹುಡುಕಬೇಕಾಗಲೇ ಇಲ್ಲ. 86 ವರ್ಷದ ಯಾಕ್ಸನ್ ಅಲ್ಲೇ ಇದ್ದರಲ್ಲ! 1998ರಲ್ಲಿ ತೀರಿಕೊಳ್ಳುವ ಮೊದಲು ತಮ್ಮ ದೇಶವನ್ನು ಮತ್ತೆ ಸ್ವತಂತ್ರವಾಗಿ ಕಣ್ತುಂಬ ನೋಡಿದರು.

ಇಷ್ಟು ಅನುಭವಿಸಿದ ಜನ ಸುಮ್ನೆ ಕೂರುವವರಲ್ಲ. ಆಡಳಿತದ ಬಹುಪಾಲು ಕೆಲಸವನ್ನು ಕಂಪ್ಯೂಟರಿಗೆ ತಂದ ಮೇಲೆ, 2007ರಲ್ಲಿ ಅವರ ಮೇಲೆ ದೊಡ್ಡ ಸೈಬರ್ ದಾಳಿ ಆಯಿತು. ನೆಲದ ಮೇಲಿನ ಕಂಪ್ಯೂಟರುಗಳೇ ಕೈತಪ್ಪಿದರೆ ಗತಿಯೇನು? ಅದಕ್ಕೇ 2017ರಲ್ಲಿ ಲಕ್ಸೆಂಬರ್ಗ್ ಜೊತೆ ಒಪ್ಪಂದ ಮಾಡಿಕೊಂಡು ಜಗತ್ತಿನ ಮೊದಲ ದತ್ತಾಂಶ ರಾಯಭಾರ ಕಚೇರಿಯನ್ನು ಕಟ್ಟಿದರು. ಅಲ್ಲಿ ರಾಯಭಾರಿ ಇಲ್ಲ, ವೀಸಾ ಕೌಂಟರ್ ಇಲ್ಲ. ಇರುವುದು ಸರ್ವರುಗಳು. ಅವುಗಳಲ್ಲಿ ಜನರ ನೋಂದಣಿ, ಜಮೀನಿನ ದಾಖಲೆ, ಪಿಂಚಣಿ ಲೆಕ್ಕ, ಕಾನೂನುಗಳ ಪ್ರತಿ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಇಡೀ ದೇಶದ ಪಹಣಿ ಪರದೇಶದ ಕಪಾಟಿನಲ್ಲಿ ಭದ್ರವಾಗಿದೆ.

ಆ ಕೋಣೆಗೆ ಉಳಿದ ರಾಯಭಾರ ಕಚೇರಿಗಳಷ್ಟೇ ರಕ್ಷಣೆ. ಲಕ್ಸೆಂಬರ್ಗಿನ ಅಧಿಕಾರಿಗಳೂ ಒಳಗೆ ಕಾಲಿಡಬೇಕಾದರೆ ಮೊದಲು ಎಸ್ಟೋನಿಯಾದ ಒಪ್ಪಿಗೆ ಪಡೆಯಬೇಕು.

ನಮಸ್ಕಾರ.