ಡಿಪೋ ಮ್ಯಾನೇಜರ್ ಒಪ್ಪುವಂಥ ಪತ್ರ

ಕನ್ನಡ ಮೇಷ್ಟ್ರುಗಳಿಗೂ ಮೇಡಂಗಳಿಗೂ ನಮಸ್ಕಾರ.

ಪತ್ರಲೇಖನ ಅಂದರೆ ನಮ್ಮ ಮಕ್ಕಳಿಗೆ ಗ್ಯಾರಂಟಿ ಅಂಕ. 'ಇಂದ', 'ಇವರಿಗೆ', 'ಮಾನ್ಯರೇ', ವಿಷಯ, ಕೊನೆಗೆ 'ತಮ್ಮ ವಿಧೇಯ ವಿದ್ಯಾರ್ಥಿ'. ಇಷ್ಟು ಸರಿಯಿದ್ದರೆ ನಾವು ಕೆಂಪು ಪೆನ್ನು ಎತ್ತುವುದಿಲ್ಲ. ಹಾಗಾಗಿ ನಡುವೆ ಏನೂ ಇರುವುದಿಲ್ಲ. 'ತಮ್ಮಲ್ಲಿ ಕೇಳಿಕೊಳ್ಳುವುದೇನೆಂದರೆ' ಎಂದು ಶುರುವಾಗಿ 'ಒದಗಿಸಿಕೊಡಬೇಕಾಗಿ ವಿನಂತಿ' ಎಂದು ಮುಗಿಯುತ್ತದೆ. ಓದಿದವರು ಯಾಕೆ ಒದಗಿಸಬೇಕು? ಅದಕ್ಕೆ ಪತ್ರದಲ್ಲಿ ಉತ್ತರವಿಲ್ಲ.

ಪ್ರವಾಸಕ್ಕೆ ದುಡ್ಡು ಕೇಳಿ ತಂದೆಗೆ ಬರೆಯುವ ಪತ್ರ ಇನ್ನೂ ತಮಾಷೆ. ಒಂದೇ ಮನೆಯಲ್ಲಿದ್ದುಕೊಂಡು 'ನಾನು ಇಲ್ಲಿ ಕ್ಷೇಮ' ಎಂದು ಬರೆಯುತ್ತಾನೆ ಹುಡುಗ! ನಿಜವಾಗಿ ದುಡ್ಡು ಬೇಕಾದಾಗ ಅವನೇನು ಮಾಡುತ್ತಾನೆ? ಮೊದಲು ಅಮ್ಮನ ಕಿವಿಗೆ ಹಾಕುತ್ತಾನೆ. ಅಪ್ಪ ಊಟ ಮುಗಿಸಿ ಕೂತಾಗ ಮಾತು ತೆಗೆಯುತ್ತಾನೆ. 'ಎಲ್ರೂ ಹೋಗ್ತಿದಾರೆ' ಅಂದರೆ ನಡೆಯಲ್ಲ, 'ಮೇಷ್ಟ್ರು ಜೊತೆಗೇ ಇರ್ತಾರೆ' ಅಂದರೆ ನಡೆಯುತ್ತೆ ಎಂಬುದೂ ಅವನಿಗೆ ಗೊತ್ತು. ಅಪ್ಪನಿಗೆ ದುಡ್ಡಿನ ಚಿಂತೆಯೋ, ಮಗನ ಚಿಂತೆಯೋ ಎಂದು ಲೆಕ್ಕ ಹಾಕಿರುತ್ತಾನೆ. ಈ ಜಾಣತನ ಹಾಳೆಗೆ ಇಳಿಯಲು ನಾವು ಬಿಟ್ಟಿಲ್ಲ, ಅಷ್ಟೇ.

ಬಸ್ಸಿನ ಪತ್ರವನ್ನೇ ತಗೊಳ್ಳಿ. 'ಬಸ್ ಸೌಕರ್ಯವಿಲ್ಲದೆ ತುಂಬಾ ತೊಂದರೆಯಾಗಿದೆ' ಎಂದು ಎಲ್ಲರೂ ಬರೆಯುತ್ತಾರೆ. ಈಗ ಮಕ್ಕಳನ್ನು ಕೇಳಿ: ಡಿಪೋ ಮ್ಯಾನೇಜರ್ ಕುರ್ಚಿಯಲ್ಲಿ ನೀವೇ ಕೂತಿದ್ದರೆ, 'ಆಗಲ್ಲ' ಅನ್ನೋಕೆ ಏನೇನು ಕಾರಣ ಕೊಡ್ತೀರಿ? ಬೋರ್ಡಿನ ಮೇಲೆ ಬರೆಸಿ. ಗಾಡಿ ಇಲ್ಲ. ಡ್ರೈವರ್ ಇಲ್ಲ. ಕಲೆಕ್ಷನ್ ಬರಲ್ಲ. ಅದಾದ ಮೇಲೆ ಪತ್ರ ಬರೆಸಿ. ಹೀಗೊಂದು ಬರಬಹುದು:

'ನಮ್ಮ ಶಾಲೆ 4.20ಕ್ಕೆ ಬಿಡುತ್ತದೆ. ನಮ್ಮೂರಿನ ಬಸ್ 4.10ಕ್ಕೆ ಹೊರಟಿರುತ್ತದೆ. ಮುಂದಿನದು 6.30ಕ್ಕೆ. 26 ಮಕ್ಕಳು ಅಲ್ಲಿಯವರೆಗೆ ಸ್ಟ್ಯಾಂಡಿನಲ್ಲೇ ಕಾಯುತ್ತೇವೆ. ನಮಗೆ ಹೊಸ ಬಸ್ ಬೇಡ. ಅದೇ ಬಸ್ಸನ್ನು 4.30ಕ್ಕೆ ಬಿಟ್ಟರೆ ಸಾಕು.'

'ಹೊಸ ಬಸ್ ಬೇಡ' ಎಂಬ ಸಾಲಿಗೇ ನಾನು ಪೂರ್ತಿ ಅಂಕ ಕೊಟ್ಟುಬಿಡುತ್ತೇನೆ. ಬೋರ್ಡಿನ ಮೇಲಿದ್ದ ಅರ್ಧ ಕಾರಣಗಳು ಅಲ್ಲೇ ಬಿದ್ದುಹೋದವು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ಹುಡುಗಿಯರಿಗೆ ಟಿಕೆಟ್ಟಿನ ಚಿಂತೆಯಿಲ್ಲ, ಅವರ ತೊಂದರೆ ಬಸ್ಸಿನ ಟೈಮಿನದು. ಪತ್ರ ಅದನ್ನೇ ಹಿಡಿದಿದೆ, ಅಲ್ವಾ?

ಯಾರಾದರೂ ಚುರುಕಾದ ಹುಡುಗಿ ಕೇಳಿಯೇ ಕೇಳುತ್ತಾಳೆ: 'ಸರ್, 4.10ರ ಬಸ್ಸನ್ನೇ ನಂಬಿಕೊಂಡವರ ಗತಿ?' ಹಾಗಾದರೆ ಸ್ಟ್ಯಾಂಡಿಗೆ ಹೋಗಿ ಆ ಬಸ್ ಹತ್ತುವವರನ್ನು ವಿಚಾರಿಸಿ ಬರಲಿ. ಅವರು ಒಪ್ಪಿದರೆ ಅದನ್ನೂ ಸೇರಿಸಲಿ. ಒಪ್ಪದಿದ್ದರೆ ಬೇರೆ ದಾರಿ ಕೇಳಲಿ. ಒಂದು ಪಿರಿಯಡ್ ಹೋದರೆ ಹೋಗಲಿ ಬಿಡಿ.

ಯಾರಿಗೆ ಬರೆಯಬೇಕು ಎಂಬುದನ್ನೂ ಮಕ್ಕಳೇ ಹುಡುಕಲಿ. ಹಳ್ಳಿಯ ಬೀದಿದೀಪಕ್ಕೆ ಮುಖ್ಯಮಂತ್ರಿಗೆ ಬರೆಯುವವರಿದ್ದಾರೆ. ಆ ಕೆಲಸ ಗ್ರಾಮ ಪಂಚಾಯಿತಿಯದು, ಪಿಡಿಒ ಅಲ್ಲೇ ಸಿಗುತ್ತಾರೆ.

ಇನ್ನು ಉದ್ದ. ನಮ್ಮ ರಾಜ್ಯದ ಮಾಹಿತಿ ಹಕ್ಕು ನಿಯಮದ ಪ್ರಕಾರ ಅರ್ಜಿ ಒಂದೇ ವಿಷಯದ್ದಾಗಿರಬೇಕು, ಸಾಮಾನ್ಯವಾಗಿ 150 ಪದ ದಾಟಬಾರದು. ಇದರ ಮೇಲೆ ಹೋರಾಟಗಾರರಿಗೆ ಸಿಟ್ಟಿದೆ, ಅದು ನ್ಯಾಯವೇ. ತರಗತಿಗೆ ಮಾತ್ರ ನಾನು ಅದನ್ನು ಖುಷಿಯಿಂದ ಎರವಲು ತಂದಿದ್ದೇನೆ. ಬಸ್ಸು, ರಸ್ತೆ, ಶೌಚಾಲಯ ಎಲ್ಲವನ್ನೂ ಒಂದೇ ಪತ್ರದಲ್ಲಿ ತುಂಬಿದರೆ ಓದುವವರು ಸುಲಭವಾದದ್ದಕ್ಕೆ ಹೂಂ ಅಂದು ಉಳಿದದ್ದನ್ನು ಬಿಡುತ್ತಾರೆ. 150 ಪದ ಅಂದಕೂಡಲೇ 'ಸವಿನಯ ಪ್ರಾರ್ಥನೆ'ಗಳು ತಾವಾಗಿಯೇ ಉದುರುತ್ತವೆ.

ಪರೀಕ್ಷೆಯ ನಮೂನೆ ಬೇಡ ಎನ್ನುತ್ತಿಲ್ಲ. ಅದನ್ನು ಒಂದು ಪಿರಿಯಡ್‌ನಲ್ಲಿ ಕಲಿಸಿ ಮುಗಿಸಿ. ಆಮೇಲೆ ಒಂದು ಪತ್ರವನ್ನಾದರೂ ನಿಜವಾಗಿ ಕಳಿಸಿ. ಎರಡು ಪ್ರತಿ ಮಾಡಿಸಿ, ಒಂದನ್ನು ಕಚೇರಿಗೆ ಕೊಟ್ಟು ಇನ್ನೊಂದರ ಮೇಲೆ ಸೀಲು, ತಾರೀಕು ಹಾಕಿಸಿಕೊಂಡು ಬರಲಿ. ಉತ್ತರ ಬರದಿದ್ದರೆ ಆ ಪ್ರತಿ ಹಿಡಿದು ಪಂಚಾಯಿತಿಯ ಮಕ್ಕಳ ಗ್ರಾಮಸಭೆಯಲ್ಲಿ ಎದ್ದು ನಿಲ್ಲಬಹುದು. 'ಆಗಲ್ಲ' ಎಂದು ಉತ್ತರ ಬಂದರೆ ಇನ್ನೂ ಒಳ್ಳೆಯದು. ಕಾರಣ ಕೈಗೆ ಸಿಕ್ಕಿತಲ್ಲ, ಎರಡನೇ ಪತ್ರ ಅಲ್ಲಿಂದಲೇ ಶುರು ಮಾಡಿಸಿ.