ಹಳೇ ಜಿಲ್ಲಾ ಪತ್ರಿಕೆಯ ಚರಿತ್ರೆ ಓದೋದು ಹೇಗೆ?

[ದೃಶ್ಯ: ಕೋಲಾರ ಬಸ್ ನಿಲ್ದಾಣ, ನಸುಕು. ಪೇಪರ್ ಕಟ್ಟುಗಳನ್ನ ಬಿಚ್ಚುತ್ತಿರುವ ಹುಡುಗರು]

ನಮಸ್ಕಾರ. ಕೋಲಾರದಿಂದ ಬೆಂಗಳೂರಿಗೆ ಸುಮಾರು 70 ಕಿಲೋಮೀಟರ್. ತುಮಕೂರಿನಿಂದಲೂ ಹೆಚ್ಚುಕಮ್ಮಿ ಅಷ್ಟೇ. ಚಿಕ್ಕಬಳ್ಳಾಪುರ ಇನ್ನೂ ಹತ್ತಿರ. ಬೆಂಗಳೂರಿನ ದೊಡ್ಡ ಪತ್ರಿಕೆಗಳು ಕಾಫಿ ಹೊತ್ತಿಗೆ ಇಲ್ಲಿಗೆ ಬಂದು ಬೀಳ್ತಾವೆ. ಅಂಥ ಊರುಗಳಲ್ಲಿ ನಾಲ್ಕು ಪುಟದ ಜಿಲ್ಲಾ ಪತ್ರಿಕೆಗಳು ದಶಕಗಟ್ಟಲೆ ಬದುಕಿವೆ. ಅವುಗಳ ಚರಿತ್ರೆಯನ್ನ ಯಾರಾದರೂ ಪುಸ್ತಕ ಮಾಡಲಿ ಅಂತ ಕಾಯಬೇಕಿಲ್ಲ. ಒಂದು ಹಳೇ ಹಾಳೆ ಕೈಗೆ ಸಿಕ್ಕರೆ ಸಾಕು, ಅರ್ಧ ಕಥೆ ಅದರಲ್ಲೇ ಇರುತ್ತೆ.

[ದೃಶ್ಯ: ಹಳದಿಗಟ್ಟಿದ ಹಾಳೆಯ ತಲೆಬರಹ, ನಿಧಾನಕ್ಕೆ ಹತ್ತಿರ]

ಮೊದಲು ಪತ್ರಿಕೆಯ ಹೆಸರಿನ ಕೆಳಗಡೆ ನೋಡಿ. ‘ಸಂಪುಟ 14, ಸಂಚಿಕೆ 32’ ಅಂತ ಇದೆ ಅನ್ನಿ. ಸಾಮಾನ್ಯವಾಗಿ ವರ್ಷಕ್ಕೊಂದು ಸಂಪುಟ. ಹಿಂದಕ್ಕೆ ಎಣಿಸಿದರೆ ಹುಟ್ಟಿದ ವರ್ಷ ಗೊತ್ತಾಗುತ್ತೆ. ಲೆಕ್ಕ ಹೊಂದಲಿಲ್ಲವೇ? ಹಾಗಾದರೆ ಪತ್ರಿಕೆ ನಡುವೆ ನಿಂತಿರಬಹುದು. ಕಾಗದಕ್ಕೆ ದುಡ್ಡು ಸಾಲದೆಯೋ, ಪ್ರೆಸ್ ಕೈಬದಲಾಗಿಯೋ. ಆ ನಿಂತ ತಿಂಗಳುಗಳೂ ಚರಿತ್ರೆಯೇ.

ಒಂದು ಕಾಲದಲ್ಲಿ ಪತ್ರಿಕೆ ನಿಲ್ಲೋದಕ್ಕೆ ಸರ್ಕಾರವೇ ಕಾರಣವಾಗಿತ್ತು. 1908ರಲ್ಲಿ, ವಿ.ಪಿ. ಮಾಧವರಾಯರು ದಿವಾನರಾಗಿದ್ದಾಗ, ಮೈಸೂರು ಸಂಸ್ಥಾನ ಪತ್ರಿಕಾ ಕಾಯಿದೆ ತಂತು. ಪತ್ರಿಕೆ ನಡೆಸೋದಕ್ಕೆ ಸರ್ಕಾರದ ಅಪ್ಪಣೆ ಬೇಕು, ಕೊಟ್ಟ ಅಪ್ಪಣೆಯನ್ನ ಸರ್ಕಾರ ಹಿಂದಕ್ಕೂ ತಗೋಬಹುದು. ಇದನ್ನ ವಿರೋಧಿಸಿ ಬರೆದವರಲ್ಲಿ ನಮ್ಮ ಮುಳಬಾಗಿಲಿನ ಒಬ್ಬ ಯುವಕ ಇದ್ದರು. 1887ರಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪ. ನಮಗೆಲ್ಲ ಅವರು ಕವಿಯಾಗಿ ಪರಿಚಯ. ಆದರೆ 1913ರಲ್ಲಿ ‘ಕರ್ನಾಟಕ’ ಅನ್ನೋ ಇಂಗ್ಲಿಷ್ ಪತ್ರಿಕೆ ಶುರು ಮಾಡಿದವರೂ ಅವರೇ. ಕೋಲಾರ ಅಂದ ಕೂಡಲೇ ಚಿನ್ನದ ಗಣಿ ನೆನಪಾಗುತ್ತೆ, ಹಾಲು, ರೇಷ್ಮೆ ನೆನಪಾಗುತ್ತೆ. ಪತ್ರಿಕಾ ಸ್ವಾತಂತ್ರ್ಯದ ಮಾತು ಬಂದಾಗ ಮುಳಬಾಗಿಲೂ ನೆನಪಾಗಬೇಕು ಅನ್ನೋದು ನನ್ನ ಹಟ.

[ದೃಶ್ಯ: ಕೊನೇ ಪುಟದ ತಳಭಾಗ]

ಈಗ ಹಾಳೆಯ ಬುಡಕ್ಕೆ ಬನ್ನಿ. ಸಣ್ಣ ಅಕ್ಷರದಲ್ಲಿ ಒಂದು ಸಾಲು: ಮುದ್ರಕರು, ಪ್ರಕಾಶಕರು, ಪ್ರೆಸ್ಸಿನ ಹೆಸರು, ಊರು. ಯಾರೂ ಓದದ ಈ ಸಾಲು 1867ರ ಬ್ರಿಟಿಷ್ ಕಾಯಿದೆಯಿಂದ ಬಂದದ್ದು. ಪತ್ರಿಕೆಗಳ ನೋಂದಣಿಗೆ ಬಂದ 1956ರ ನಿಯಮಗಳು ಇನ್ನೊಂದು ಉಪಕಾರ ಮಾಡಿದವು. ಪ್ರತಿ ವರ್ಷ ಫೆಬ್ರವರಿ ಮುಗಿದ ಮೇಲೆ ಬರುವ ಮೊದಲ ಸಂಚಿಕೆಯಲ್ಲಿ ‘ನಮೂನೆ 4’ ಅಂತ ಒಂದು ಪ್ರಕಟಣೆ ಹಾಕಬೇಕಿತ್ತು. ಮಾಲೀಕರು ಯಾರು, ಸಂಪಾದಕರು ಯಾರು, ಎಲ್ಲಿ ಮುದ್ರಣ, ಎಲ್ಲ ಅದರಲ್ಲಿ. ಒಂದು ಪತ್ರಿಕೆಯ ಮಾರ್ಚ್ ಸಂಚಿಕೆಗಳನ್ನ ಮಾತ್ರ ಸಾಲಾಗಿ ಇಟ್ಟು ನೋಡಿ. ಅಪ್ಪನ ಹೆಸರಿದ್ದ ಜಾಗಕ್ಕೆ ಯಾವ ವರ್ಷ ಮಗನ ಹೆಸರು ಬಂತು, ಪಾಲುದಾರರು ಯಾವಾಗ ಬೇರೆಯಾದರು, ಒಂದೊಂದೂ ಕಾಣುತ್ತೆ.

[ದೃಶ್ಯ: ಮೊಳೆ ಜೋಡಿಸುತ್ತಿರುವ ಕೈಗಳು, ಟ್ರೆಡಲ್ ಯಂತ್ರ]

ಅಕ್ಷರವನ್ನ ಬೆರಳಿಂದ ಸವರಿ ನೋಡಿ. ಹಿಂಬದಿಯಲ್ಲಿ ಉಬ್ಬು ಸಿಕ್ಕರೆ ಅದು ಅಚ್ಚುಮೊಳೆಯ ಕಾಲದ್ದು, ಅಂದರೆ ಲೋಹದ ಬಿಡಿ ಅಕ್ಷರಗಳನ್ನ ಕೈಯಲ್ಲಿ ಜೋಡಿಸಿ ಮುದ್ರಿಸುತ್ತಿದ್ದ ಕಾಲದ್ದು. ಕನ್ನಡದ ಮೊಳೆ ಜೋಡಿಸೋದು ಇಂಗ್ಲಿಷಿನಷ್ಟು ಸುಲಭ ಅಲ್ಲ. ಗುಣಿತಾಕ್ಷರಗಳಿಗೆ ಮೊಳೆ ಬೇಕು, ಒತ್ತಕ್ಷರಕ್ಕೆ ಬೇರೆ ಮೊಳೆ. ಮೊಳೆಯಲ್ಲಿ ಅಕ್ಷರ ಕನ್ನಡಿಯೊಳಗಿನ ಹಾಗೆ ತಿರುಗಿರುತ್ತೆ. ಮೊಳೆ ಜೋಡಿಸುವ ಕಂಪೋಸಿಟರ್ ಅದನ್ನ ತಿರುಗುಮುರುಗಾಗಿಯೇ ಓದುತ್ತಾ ಸಾಲು ಕಟ್ಟಬೇಕು. ಪ್ರೂಫ್ ತಿದ್ದಿ, ಟ್ರೆಡಲ್ ಅನ್ನೋ ಅಚ್ಚಿನ ಯಂತ್ರಕ್ಕೆ ಏರಿಸಿ, ಅಚ್ಚಾದ ಮೇಲೆ ಅಷ್ಟೂ ಮೊಳೆ ಬಿಚ್ಚಿ ಮತ್ತೆ ಅದರದರ ಮನೆಗೆ ಹಾಕಬೇಕು. ಇಲ್ಲದಿದ್ದರೆ ನಾಳೆಯ ಪೇಪರಿಗೆ ಅಕ್ಷರವೇ ಇಲ್ಲ! ಗಡಿಯ ಕಡೆ, ಶ್ರೀನಿವಾಸಪುರ, ಬಾಗೇಪಲ್ಲಿಗಳಲ್ಲಿ ಮನೆಮಾತು ತೆಲುಗಾದರೂ ಪೇಪರ್ ಮಾತ್ರ ಕನ್ನಡದಲ್ಲೇ ಓದೋರು ಬಹಳ ಜನ. ಅವರ ಕಣ್ಣಿಗೆ ಕನ್ನಡ ರೂಢಿ ಮಾಡಿದ್ದರಲ್ಲಿ ಈ ಕೈಗಳ ಪಾಲಿದೆ. ಈ ಕಂಪೋಸಿಟರ್‌ಗಳ ಹೆಸರು ಮಾತ್ರ ಬುಡದ ಸಾಲಿನಲ್ಲಿ ಇರೋದಿಲ್ಲ. ಆ ಕೆಲಸ ಮಾಡಿದ ಹಿರಿಯರು ನಿಮ್ಮ ಬೀದಿಯಲ್ಲಿ ಇದ್ದರೆ ಇವತ್ತೇ ಹೋಗಿ ಮಾತಾಡಿಸಿ.

ಫೋಟೋ ಹಾಕಬೇಕಾದರೆ ಲೋಹದ ಬ್ಲಾಕ್ ಮಾಡಿಸಬೇಕಿತ್ತು, ಅದಕ್ಕೆ ಖರ್ಚು ಜಾಸ್ತಿ. ಅದಕ್ಕೇ ಹಳೇ ಸಂಚಿಕೆಗಳಲ್ಲಿ ಚಿತ್ರ ಕಮ್ಮಿ, ಇದ್ದ ಮುಖಗಳೇ ಮತ್ತೆ ಮತ್ತೆ. ಆಮೇಲೆ ಕಂಪ್ಯೂಟರಿನಲ್ಲಿ ಪುಟ ಕಟ್ಟುವ ಡಿಟಿಪಿ, ಮೊಳೆಯಿಲ್ಲದೆ ಅಚ್ಚು ಹಾಕುವ ಆಫ್‌ಸೆಟ್ ಬಂದವು.

[ದೃಶ್ಯ: ಒಳಪುಟದ ಜಾಹೀರಾತುಗಳು]

ಜಾಹೀರಾತನ್ನ ಬಿಡಬೇಡಿ. ಟೆಂಡರ್ ಪ್ರಕಟಣೆ, ಕೋರ್ಟ್ ನೋಟಿಸು, ತಿಪಟೂರಿನ ಕೊಬ್ಬರಿ ಧಾರಣೆ, ಸಿದ್ಧಗಂಗೆ ಜಾತ್ರೆ, ಯಾವ ಟೆಂಟಿನಲ್ಲಿ ಯಾವ ಸಿನಿಮಾ. ಬೆಂಗಳೂರಿನ ಪತ್ರಿಕೆಗೆ ಇವು ಸುದ್ದಿಯಲ್ಲ, ಇಲ್ಲಿನವರಿಗೆ ದಿನದ ಬದುಕು. ದೊಡ್ಡವರ ನಡುವೆ ಸಣ್ಣ ಪತ್ರಿಕೆ ಉಳಿದದ್ದಕ್ಕೆ ಇದೇ ದೊಡ್ಡ ಕಾರಣ ಅಂತ ನಾನು ನಂಬಿದ್ದೀನಿ.

ಕಾನೂನಿನ ಪ್ರಕಾರ ಪತ್ರಿಕೆಯ ಪ್ರತಿ ಸಂಚಿಕೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ, ಚೆನ್ನೈನ ಕನ್ನೆಮರಾ ಗ್ರಂಥಾಲಯಕ್ಕೆ ಹೋಗಬೇಕು. ಆದರೆ ಸುದ್ದಿ ಕಾಗದ ಹೆಚ್ಚು ಕಾಲ ತಾಳೋದಿಲ್ಲ. ಬೆಳಕು ಬಿದ್ದರೆ ಹಳದಿ, ಮಡಿಚಿದ ಕಡೆ ಪುಡಿ.

ನಿಮ್ಮ ಅಟ್ಟದಲ್ಲಿ ಹಳೇ ಪ್ರತಿಗಳಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಸೆಲ್ಲೋಟೇಪ್ ಅಂಟಿಸಬೇಡಿ, ಲ್ಯಾಮಿನೇಷನ್ ಬೇಡ. ಮಡಿಕೆ ಬಿಡಿಸಿ, ಚಪ್ಪಟೆಯಾಗಿ, ಬಿಸಿಲು-ತೇವ ತಾಕದ ಕಡೆ ಇಡಿ. ಫೋನಿನಲ್ಲಿ ಪೂರ್ತಿ ಪುಟದ ಫೋಟೋ ತೆಗೀರಿ, ಮೇಲಿನ ಸಂಪುಟದ ಸಾಲು, ಕೆಳಗಿನ ಮುದ್ರಕರ ಸಾಲು ಎರಡೂ ಬರೋ ಹಾಗೆ.